ಹೈರಮ್ ರೆವೆಲ್ಸ್: ಅಮೆರಿಕದಲ್ಲೇ ಹುಟ್ಟಿ ಅಮೆರಿಕದ ಪ್ರಜೆ ಅಲ್ಲ ಅಂದರೆ?

ಪ್ರಶ್ನೆ:
ಅಮೆರಿಕದ ಕಪ್ಪು ಸೆನೆಟರ್ ಹೈರಮ್ ರೆವೆಲ್ಸ್ ಬಗ್ಗೆ ಓದ್ತಿದ್ದೆ. 'ಮಿನಿಸ್ಟರ್ ಆಗಿದ್ದವರು ಆಮೇಲೆ ರಾಜಕೀಯಕ್ಕೆ ಬಂದರು' ಅಂತಿತ್ತು. ಮಂತ್ರಿ ಆದಮೇಲೆ ರಾಜಕೀಯಕ್ಕೆ ಬರೋದು ಹೆಂಗಪ್ಪಾ ಅಂತ ಎರಡು ಪುಟ ತಲೆ ಕೆರೆದುಕೊಂಡೆ. ಪಾದ್ರಿ ಅಂತ ಆಮೇಲೆ ಹೊಳೀತು! ಇನ್ನೊಂದು ಗಂಟು ಮಾತ್ರ ಬಿಚ್ಚಲಿಲ್ಲ. 1827ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದವರು, ಅದೂ ಗುಲಾಮರಲ್ಲದ ಮನೆತನದಲ್ಲಿ. 1870ರಲ್ಲಿ ಸೆನೆಟ್‌ಗೆ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಗೆ, ಆರಿಸಿ ಬಂದಾಗ 'ನೀವು ಪ್ರಜೆಯಾಗಿ ಒಂಬತ್ತು ವರ್ಷ ಆಗಿಲ್ಲ' ಅಂತ ತಕರಾರು ತೆಗೆದ್ರಂತೆ. ಇದ್ಯಾವ ಲೆಕ್ಕ?

ಉತ್ತರ:
ಡ್ರೆಡ್ ಸ್ಕಾಟ್ ತೀರ್ಪಿನ ಲೆಕ್ಕ ಅದು. ಕಪ್ಪು ಜನ ಗುಲಾಮರಿರಲಿ, ಸ್ವತಂತ್ರರಿರಲಿ, ಅಮೆರಿಕದ ಪ್ರಜೆಗಳೇ ಅಲ್ಲ ಅಂತ 1857ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಸಂವಿಧಾನದಲ್ಲೇ ಅದನ್ನು ತೊಡೆದು ಹಾಕಿದ್ದು 1868ರ 14ನೇ ತಿದ್ದುಪಡಿ. ಸೆನೆಟರ್ ಆಗಬೇಕಾದರೆ ಒಂಬತ್ತು ವರ್ಷ ಪ್ರಜೆಯಾಗಿರಬೇಕು. ಅಂದರೆ ವಿರೋಧಿಗಳ ಪಾಲಿಗೆ 42 ವರ್ಷದ ಈ ಮನುಷ್ಯ, ಎರಡು ವರ್ಷವೂ ತುಂಬದ ಕೂಸು! ಮೂರು ದಿನ ಜಗ್ಗಾಡಿದರು. ಫೆಬ್ರವರಿ 25ರಂದು 48-8 ಮತಗಳಿಂದ ಒಳಗೆ ಬಿಟ್ಟರು. ಸೆನೆಟ್‌ನಲ್ಲಿ ಕೂತ ಮೊದಲ ಕಪ್ಪು ಸದಸ್ಯ ಇವರೇ.

ನನಗೆ ಇಷ್ಟವಾಗೋದು ಅದಕ್ಕೂ ಮುಂಚಿನ ಸಂಗತಿ. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದದ್ದು ಜನರಲ್ಲ, ರಾಜ್ಯದ ಶಾಸಕರು. 1870ರ ಜನವರಿಯಲ್ಲಿ ಮಿಸಿಸಿಪ್ಪಿ ಶಾಸನಸಭೆ ಸೇರಿದಾಗ, ಸದಸ್ಯರಲ್ಲೇ ಹೇಗೂ ಒಬ್ಬ ಪಾದ್ರಿಗಳಿದ್ದಾರಲ್ಲ ಅಂತ ರೆವೆಲ್ಸ್ ಕೈಲಿ ಪ್ರಾರ್ಥನೆ ಮಾಡಿಸಿದರು. ಅವರನ್ನು ಸೆನೆಟರ್ ಮಾಡಿದ್ದೇ ಆ ಪ್ರಾರ್ಥನೆ ಅಂತ ಜೊತೆಗಿದ್ದ ಶಾಸಕ ಜಾನ್ ಲಿಂಚ್ ಆಮೇಲೆ ಬರೆದುಕೊಂಡಿದ್ದಾರೆ. ಶಾಸಕರ ಮತ 81-15. ಭಾಷಣ ಮಾಡಿ ಗೆದ್ದವರನ್ನು ಬೇಕಾದಷ್ಟು ನೋಡಿದ್ದೇವೆ, ಕಣ್ಣು ಮುಚ್ಚಿ ಗೆದ್ದವರು ಇವರೊಬ್ಬರೇ ಇರಬೇಕು!

ಇನ್ನೊಂದು ಉತ್ತರ:
ಗುಲಾಮಗಿರಿ ಉಳಿಸಿಕೊಳ್ಳೋಕೆ ಅಮೆರಿಕದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಬಂಡಾಯದ ನಾಯಕ ಜೆಫರ್ಸನ್ ಡೇವಿಸ್ ಹಿಂದೆ ಕೂತಿದ್ದ ಸೆನೆಟ್ ಕುರ್ಚಿಯಲ್ಲೇ ರೆವೆಲ್ಸ್ ಕೂತರು ಅಂತ ಯಾರಾದರೂ ಬಂದು ಬರೆಯೋ ಮುಂಚೆ ಹೇಳ್ತೀನಿ: ಅಲ್ಲ. ಅದು ಮಿಸಿಸಿಪ್ಪಿಯ ಇನ್ನೊಬ್ಬ ಸೆನೆಟರ್ ಆಲ್ಬರ್ಟ್ ಬ್ರೌನ್ ಬಿಟ್ಟುಹೋದ ಜಾಗ. ಡೇವಿಸ್ ಹೊಟ್ಟೆ ಉರಿದುಕೊಂಡು ನೋಡ್ತಿರೋ ಹಾಗೆ ಥಾಮಸ್ ನ್ಯಾಸ್ಟ್ ವ್ಯಂಗ್ಯಚಿತ್ರ ಬರೆದ. ಜನಕ್ಕೆ ಅದೇ ರುಚಿಸಿತು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸಾರ್. ಅದೇ ಬಂಡಾಯಗಾರರಿಗೆ ಕಿತ್ತುಕೊಂಡಿದ್ದ ರಾಜಕೀಯ ಹಕ್ಕು ವಾಪಸ್ ಕೊಡಿ ಅಂತ ಇವರೇ ಮಾತಾಡಿದ್ದು ಯಾಕೆ? ಕೋಪ ಬರಲಿಲ್ವಾ?

ಉತ್ತರ:
ಕೋಪಕ್ಕೆ ಕಾರಣ ಬೇಕಾದಷ್ಟಿತ್ತು. ಕಪ್ಪು ಜನರಿಗೆ ಉಪದೇಶ ಮಾಡಿದ್ದಕ್ಕೇ 1854ರಲ್ಲಿ ಮಿಸೌರಿಯಲ್ಲಿ ಜೈಲಿಗೆ ಹಾಕಿದ್ದರು. ಆದರೂ ನಿಷ್ಠೆಯ ಪ್ರಮಾಣ ಮಾಡಿದವರಿಗೆ ಹಕ್ಕು ಕೊಡಿ ಅಂದರು. ಅತಿಯಾಯಿತು ಅಂತಲೇ ನನಗನ್ನಿಸೋದು. ಐದಾರು ವರ್ಷದಲ್ಲೇ ಆ ಜನ ಮಿಸಿಸಿಪ್ಪಿಯನ್ನು ಮತ್ತೆ ಕೈಗೆ ತಗೊಂಡರು. ಅಷ್ಟು ಹೊತ್ತಿಗೆ ರೆವೆಲ್ಸ್ ಸೆನೆಟ್‌ನಲ್ಲಿ ಇರಲಿಲ್ಲ. ಸಿಕ್ಕಿದ್ದು ಉಳಿಕೆ ಅವಧಿ, 1871ರ ಮಾರ್ಚ್‌ಗೇ ಮುಗಿಯಿತು. ಆಮೇಲೆ ಕಪ್ಪು ಹುಡುಗರಿಗೆಂದು ತೆರೆದ ಆಲ್ಕಾರ್ನ್ ಕಾಲೇಜಿನ ಮೊದಲ ಅಧ್ಯಕ್ಷರಾದರು. 1901ರ ಜನವರಿಯಲ್ಲಿ ಮಿಸಿಸಿಪ್ಪಿಯ ಅಬರ್ಡೀನ್ ಊರಿನಲ್ಲಿ ಚರ್ಚಿನ ಸಭೆಗೆ ಹೋಗಿದ್ದಾಗಲೇ ಪ್ರಾಣ ಹೋಯಿತು.

ಅಂದ ಹಾಗೆ, ಪಾದ್ರಿಯಾಗುವ ಮೊದಲು ಅವರು ಕಲಿತ ಕಸುಬು ಕ್ಷೌರದ್ದು, ಲಿಂಕನ್‌ಟನ್‌ನಲ್ಲಿ ಅಣ್ಣನ ಅಂಗಡಿಯಲ್ಲಿ.