ಜೆರ್ಸಿ ಆಮೇಲೆ, ಮೊದಲು ಅಂಕಣ

ಅಣ್ಣಾ, ನಮಸ್ಕಾರ. ನಿನ್ನೆ ರಾತ್ರಿ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ನೋಡಿದೆ. ನವರಾತ್ರಿಯ ಮಾರ್ನೆಮಿ ಮುಗಿಯಿತು, ಕಬಡ್ಡಿ ಸೀಸನ್ ಬಂತು, ಸಂಘಕ್ಕೆ ಮ್ಯಾಟ್ ತೆಗೆದುಕೊಳ್ಳಬಾರದಾ, ಮುಂಬೈಯಲ್ಲಿರುವವರು ಸೇರಿ ದುಡ್ಡು ಹಾಕುತ್ತೇವೆ, ಎರಡೂ ಟೀಮಿಗೆ ಜೆರ್ಸಿಯೂ ಕಳಿಸುತ್ತೇವೆ ಅಂತ ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. ಆದರೆ ಈ ಸಲ ನನ್ನದೊಂದು ಮಾತು ಕೇಳಬೇಕು. ದುಡ್ಡು ಮೊದಲು ಆಡುವ ಅಂಕಣದ ಮಣ್ಣಿಗೆ ಹಾಕುವ.

ಮ್ಯಾಟ್ ಬೇಡ ಅಂತಲ್ಲ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮೀಟರ್ ಚೌಕದ ತುಂಡುಗಳೇ 130 ಬೇಕು, ಸುತ್ತಲಿನ ಜಾಗಕ್ಕೆ ಬೇರೆ. ಅಡಿಗೆ ಸಮತಟ್ಟು ಕಾಂಕ್ರೀಟ್, ಮೇಲೆ ಮಾಡು, ಅಂದರೆ ಚಾವಣಿ ಬೇಕು. ನಮ್ಮದು ಬಯಲು. ಮಾಡು ಹಾಕಿದ ವರ್ಷ ನಾನೇ ನಿಮಗೆ ಫೋನ್ ಮಾಡಿ ಕೇಳುತ್ತೇನೆ.

ಈಗ ಅಂಕಣ ಹೇಗುಂಟು ಅಂತ ಹೇಳುತ್ತೇನೆ. ಮೊನ್ನೆ ಬೆಳಿಗ್ಗೆ ಹೋಗಿ ನೋಡಿದೆ. ಹುಲ್ಲು ಮೊಣಕಾಲಿಗೆ ಬಂದಿದೆ, ಅದು ಒಂದು ಬೆಳಗ್ಗಿನ ಕೆಲಸ. ಕಷ್ಟ ಇರುವುದು ಕೆಳಗೆ. ನಾಲ್ಕು ತಿಂಗಳ ಮಳೆಗೆ ನುಣ್ಣಗಿನ ಮಣ್ಣೆಲ್ಲ ತೊಳೆದು ಹೋಗಿ ಮುರಕಲ್ಲಿನ ಚೂರುಗಳು ಎದ್ದು ಕೂತಿವೆ. ಕೈಯಲ್ಲಿ ಉಜ್ಜಿ ನೋಡಿದೆ, ಒಂದು ಗೇಣು ಜಾಗದಲ್ಲಿ ಏಳೆಂಟು ಸಿಕ್ಕಿದವು. ಕಡಲೆಯಷ್ಟು ದೊಡ್ಡದು, ಒಂದು ಬದಿ ಚೂಪು. ಕಳೆದ ವರ್ಷ ನಮ್ಮ ಹುಡುಗನೊಬ್ಬ ರೈಡರ್‌ನ ಕಾಲು ಹಿಡಿಯಲು ಹಾರಿದಾಗ ಮೊಣಕಾಲು ಕಿತ್ತುಹೋದದ್ದು ಇಂಥ ಚೂರಿಗೇ. ಆರು ಹೊಲಿಗೆ. ಗಾಯ ಬೇಗ ಮಾಗಿತು, ಆದರೆ ಇಡೀ ಸೀಸನ್ ಅವನು ಕಾಲು ಹಿಡಿಯಲು ಕೆಳಗೆ ಬೀಳಲೇ ಇಲ್ಲ. ಅಷ್ಟು ಒಳ್ಳೆಯ ಹಿಡಿತದವನು, ನಿಂತಲ್ಲೇ ನಿಂತ. ನೋಡಿ ನನಗೆ ಹೊಟ್ಟೆ ಉರಿಯಿತು.

ಅದಕ್ಕೆ ಒಂದು ಲೋಡ್ ಮಣ್ಣು ತರಿಸಿ ಜರಡಿ ಹಿಡಿಯಬೇಕು. ನೀರು ಹಾಕಿ, ನೆಲ ಗಟ್ಟಿ ಮಾಡುವ ಪೆಟ್ಟುಮಣೆಯಲ್ಲಿ ಹೊಡೆದು, ಮೇಲೆ ಮರದ ಹುಡಿ ಬೆರೆಸಿದ ಮೆತ್ತನೆಯ ಮಣ್ಣು ಹರಡಬೇಕು. ಸಂಜೆ ಗುಡುಗು ಮಳೆ ಇನ್ನೂ ನಿಂತಿಲ್ಲ, ಹಾಗಾಗಿ ಬದಿಯಲ್ಲಿ ಕಣಿ ತೋಡದಿದ್ದರೆ ಮಾಡಿದ್ದೆಲ್ಲ ಒಂದೇ ರಾತ್ರಿಗೆ ಹೋಗುತ್ತದೆ.

ಇನ್ನೊಂದು ವಿಷಯ, ಇದು ನನಗೆ ಜಾಸ್ತಿ ಮುಖ್ಯ. ನಮ್ಮ ಹುಡುಗಿಯರು ಕಳೆದ ವರ್ಷವಿಡೀ ಗಂಡಸರ ಗೆರೆಯಲ್ಲೇ ಅಭ್ಯಾಸ ಮಾಡಿದರು. ಅವರ ಅಂಕಣ 12ಕ್ಕೆ 8. ರೈಡರ್ ದಾಟಿದರೆ ಹೆಚ್ಚಿನ ಅಂಕ ಸಿಗುವ ಬೋನಸ್ ಗೆರೆ ನಡುಗೆರೆಯಿಂದ 4 ಮೀಟರ್, ಗಂಡಸರದ್ದು 4.75. ಮುಕ್ಕಾಲು ಮೀಟರ್ ಅಂದರೆ ಒಂದು ಹೆಜ್ಜೆ ಅಲ್ವಾ? ಪಂದ್ಯಾಟಕ್ಕೆ ಹೋದಾಗ ಕಾಲಿನ ಲೆಕ್ಕವೇ ತಪ್ಪಿತು. ಬೋನಸ್‌ಗೆ ಹೋದವಳು ಒಂದು ಹೆಜ್ಜೆ ಜಾಸ್ತಿ ಒಳಗೆ ಹೋಗಿ ಸಿಕ್ಕಿಬಿದ್ದಳು, ಒಂದೇ ಪಂದ್ಯದಲ್ಲಿ ಮೂರು ಸಲ. ತಪ್ಪು ಅವಳದ್ದಲ್ಲ, ಗೆರೆ ಹಾಕದ ನಮ್ಮದು. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದ ಭಾರತದ ಕಬಡ್ಡಿ ತಂಡದಲ್ಲಿದ್ದವರು. ಅಂಥವರ ಊರಿನ ಪಕ್ಕದಲ್ಲಿದ್ದುಕೊಂಡು ನಮ್ಮ ಮಕ್ಕಳಿಗೆ ಸರಿಯಾದ ಗೆರೆಯೂ ಇಲ್ಲ ಅಂದರೆ ಹೇಗೆ? ಈ ಸಲ ಮೊದಲ ದಿನದಿಂದಲೇ ಎರಡು ಬಣ್ಣದ ಪಟ್ಟಿ ಹಾಕುವ. ಸುಣ್ಣದ ಹುಡಿ ಬೇಡವೇ ಬೇಡ, ಗಾಯಕ್ಕೂ ಕಣ್ಣಿಗೂ ಉರಿ.

ಮತ್ತೆ ಒಂದು ತೂಕದ ಮೆಷಿನ್. 60 ಕೆ.ಜಿ. ವಿಭಾಗಕ್ಕೆ ಹೆಸರು ಕೊಟ್ಟು ಹಿಂದಿನ ದಿನದಿಂದ ಊಟ ಬಿಡುವ ಹುಡುಗರಿದ್ದಾರೆ ಮಾರಾಯ್ರೆ. ಒಬ್ಬ ತೂಕ ಪಾಸಾಗಿ, ಎರಡನೇ ರೈಡಿಗೆ ತಲೆ ತಿರುಗಿ ಕೂತುಬಿಟ್ಟ. ಈಗಿನಿಂದಲೇ ವಾರ ವಾರ ತೂಕ ನೋಡಿದರೆ ಯಾರು ಯಾವ ವಿಭಾಗ ಅಂತ ಮೊದಲೇ ಗೊತ್ತಾಗುತ್ತದೆ, ಸುಮ್ನೆ ಉಪವಾಸ ಕೂರುವುದು ತಪ್ಪುತ್ತದೆ.

ಜೆರ್ಸಿ ಖಂಡಿತ ಕಳಿಸಿ ಅಣ್ಣಾ, ಡಿಸೆಂಬರಿಗೆ ಸಿಕ್ಕಿದರೆ ಸಾಕು. ಅಳತೆ ನಾನು ಕಳಿಸುತ್ತೇನೆ. ಹುಡುಗಿಯರದ್ದು ಬೇರೆ ಅಳತೆ, ಹುಡುಗರದ್ದನ್ನೇ ಚಿಕ್ಕದು ಮಾಡಿ ಹೊಲಿಸಬೇಡಿ.

ಊರಲ್ಲಿರುವವರೆಲ್ಲ ಆದಿತ್ಯವಾರ ಬೆಳಿಗ್ಗೆ ಆರೂವರೆಗೆ ಬನ್ನಿ. ಕತ್ತಿ, ಹಾರೆ, ಬುಟ್ಟಿ ತನ್ನಿ. ಜರಡಿ ಯಾರ ಮನೆಯಲ್ಲಿ ಉಂಟು ಅಂತ ಇಲ್ಲೇ ಹಾಕಿ, ಎರಡಾದರೂ ಬೇಕು. ಅವಲಕ್ಕಿ, ಚಹಾ ನಮ್ಮ ಮನೆಯಿಂದ.