ಹೆಲಿಕಾಪ್ಟರ್ ರೆಕ್ಕೆ ನಿಂತುಬಿಟ್ಟ ಹಾಗೆ ಬರ್ತಿದೆ, ಶಟರ್ ಇಳಿಸಿದ್ರೆ ಫೋಟೋನೇ ಮಸುಕು

ಘಾಟ್ಕೋಪರ್_ಕ್ಲಿಕ್:
ಎಲ್ರಿಗೂ ನಮಸ್ಕಾರ. ಶನಿವಾರ ಮರೀನ್ ಡ್ರೈವಲ್ಲಿ ಏರ್‌ಫೋರ್ಸ್ ಶೋ ಇತ್ತಲ್ಲ, ಬೆಳಗ್ಗೆ ಒಂಬತ್ತಕ್ಕೇ ಹೋಗಿ ಚೌಪಾಟಿ ಕಡೆ ಕಟ್ಟೆ ಮೇಲೆ ಜಾಗ ಹಿಡ್ಕೊಂಡು ಕೂತಿದ್ದೆ, ಶೋ ಶುರುವಾಗಿದ್ದು 12ಕ್ಕೆ. ಸೂರ್ಯಕಿರಣ್ ಜೆಟ್ ವಿಮಾನಗಳ ಫೋಟೋಗಳು ಪರವಾಗಿಲ್ಲ, ತೊಂದರೆ ಇರೋದು ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್‌ಗಳಲ್ಲಿ. ಶಟರ್ 1/1600 ಸೆಕೆಂಡಲ್ಲಿ ತೆಗೆದ್ರೆ ರೆಕ್ಕೆಗಳು ನಿಂತುಹೋಗಿ, ಯಾರೋ ಆಟದ ಸಾಮಾನನ್ನ ದಾರದಲ್ಲಿ ನೇತುಹಾಕಿದ ಹಾಗೆ ಕಾಣ್ತದೆ, ಅದು ಬೇಡ ಅಂತ 1/60ಕ್ಕೆ ಇಳಿಸಿದೆ, ಆಮೇಲೆ ಇನ್ನೂರು ಚಿಲ್ಲರೆ ಫೋಟೋದಲ್ಲಿ ಒಂದೂ ಶಾರ್ಪ್ ಇಲ್ಲ, ಮೇಲಿಂದ ಆಕಾಶದ ತುಂಬಾ ಸಣ್ಣ ಸಣ್ಣ ಕಪ್ಪು ಚುಕ್ಕಿ. ನಿಜ ಹೇಳ್ಬೇಕಂದ್ರೆ 1/1600ದ್ದೂ ಝೂಮ್ ಮಾಡಿ ನೋಡಿದ್ರೆ ಸ್ವಲ್ಪ ಮಂಜು ಮಂಜು. ನಿಕಾನ್ ಡಿ7500, 200-500 ಲೆನ್ಸ್. ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡ ಲೆನ್ಸ್ ಇದು, ಹಾಳಾಗಿದೆಯಾ ಅಂತ ರಾತ್ರಿ ನಿದ್ದೆ ಬರ್ತಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ, ದೀಪಾವಳಿಗೆ ಗೋವಾ ಹೋದಾಗ ಬೋಗ್ಮಾಳೊ ನೇವಲ್ ಏವಿಯೇಷನ್ ಮ್ಯೂಸಿಯಂನಲ್ಲಿ ತೆಗೆದ ಫೋಟೋ ಹಾಕಿದೀನಿ, ಐದು ರೆಕ್ಕೆ ಇರೋದು. ಬೋರ್ಡ್ ಫೋಟೋ ತೆಗೆಯೋದು ಮರ್ತೆ. ಕ್ಯಾಪ್ಷನ್ "ಎಂಐ-17" ಅಂತ ಬರ್ದಿದೀನಿ, ಸರಿಯಾ?

ಕೋಥ್ರೂಡ್_ಮಾವ:
ಲೆನ್ಸ್ ಮಾರೋ ಯೋಚನೆ ಸದ್ಯಕ್ಕೆ ಪಕ್ಕಕ್ಕಿಡಿ. ಒಂದು 1/60 ಫೋಟೋದ ಪೂರ್ತಿ ಸೆಟ್ಟಿಂಗ್ ಹೇಳಿ, ಅಪರ್ಚರ್ (ಬೆಳಕು ಒಳಗೆ ಬರೋ ಕಿಂಡಿ) ಎಷ್ಟು, ಐಎಸ್ಒ (ಬೆಳಕಿಗೆ ಸೆನ್ಸಾರಿನ ಸೂಕ್ಷ್ಮತೆ) ಎಷ್ಟು, ವಿಆರ್ (ಕೈ ನಡುಕ ತಡೆಯೋದು) ಯಾವ ಮೋಡು. ಲೆನ್ಸ್ ಮುಂದೆ ಫಿಲ್ಟರ್ ಏನಾದ್ರೂ ಇದ್ಯಾ?

ಘಾಟ್ಕೋಪರ್_ಕ್ಲಿಕ್:
ಶಟರ್ ಪ್ರಯಾರಿಟಿ (ಶಟರ್ ನಾನು ಇಡ್ತೀನಿ, ಅಪರ್ಚರ್ ಕ್ಯಾಮೆರಾನೇ ಇಡುತ್ತೆ), 1/60, ಎಫ್ 20, ಐಎಸ್ಒ 100, 500 ಎಂಎಂ. ವಿಆರ್ ನಾರ್ಮಲ್. ಫಿಲ್ಟರ್ ಇದೆ, ಲೆನ್ಸ್ ಜೊತೇಲೇ ಒಂದು ಕಡಿಮೆ ಬೆಲೆಯ ಯುವಿ ತಗೊಂಡಿದ್ದೆ, ಆವತ್ತಿಂದ ಬಿಚ್ಚೇ ಇಲ್ಲ.

ಕೋಥ್ರೂಡ್_ಮಾವ:
ಸಿಕ್ತು. ಒಂದಲ್ಲ, ಮೂರು ತೊಂದರೆ ಒಂದರ ಮೇಲೊಂದು ಕೂತಿವೆ.

ಮಧ್ಯಾಹ್ನ ಹನ್ನೆರಡರ ಬಿಸಿಲು, ನೀವು ಶಟರ್ 1/60ಕ್ಕೆ ಇಳಿಸಿದ ತಕ್ಷಣ ಕ್ಯಾಮೆರಾ ಪಾಪ ಇನ್ನೇನ್ ಮಾಡುತ್ತೆ, ಐಎಸ್ಒ ತಾನಾಗಿ ನೂರಕ್ಕಿಂತ ಕೆಳಗೆ ಇಳಿಯಲ್ಲ ಅಂತ ಅಪರ್ಚರ್ ಮುಚ್ಚಿ ಎಫ್ 20ಕ್ಕೆ ಒಯ್ದಿದೆ. ನಿಮ್ಮ ಕ್ಯಾಮೆರಾದ ಸೆನ್ಸಾರ್ ಸಣ್ಣದು, ಎಫ್ 11 ದಾಟಿದ್ರೆ ಡಿಫ್ರಾಕ್ಷನ್ (ಸಣ್ಣ ಕಿಂಡೀಲಿ ಬೆಳಕು ಹರಡಿ ಬರೋ ಮಸುಕು) ಕಾಣೋಕ್ಕೆ ಶುರುವಾಗುತ್ತೆ, ಎಫ್ 20ರಲ್ಲಿ ಕೈ ಕಲ್ಲಿನ ಹಾಗೆ ನಿಂತಿದ್ರೂ ಶಾರ್ಪ್ ಬರಲ್ಲ. ಆ ಕಪ್ಪು ಚುಕ್ಕಿಗಳು ಸೆನ್ಸಾರ್ ಮೇಲಿನ ಧೂಳು, ಯಾವಾಗ್ಲೂ ಇದ್ವು, ಅಪರ್ಚರ್ ಚಿಕ್ಕದಾಗಿದ್ದಕ್ಕೆ ಎದ್ದು ಕಂಡ್ವು ಅಷ್ಟೆ. ಇದು ಮೊದಲನೇದು. ಎರಡನೇದು ವಿಆರ್, ಹೆಲಿಕಾಪ್ಟರ್ ಹಿಂದೆ ಕ್ಯಾಮೆರಾ ತಿರುಗಿಸ್ತಾ ಪ್ಯಾನ್ ಮಾಡುವಾಗ ನಾರ್ಮಲ್ ಬೇಡ, ಸ್ಪೋರ್ಟ್‌ಗೆ ಹಾಕಿ, ವ್ಯೂಫೈಂಡರಲ್ಲಿ ಚಿತ್ರ ಎಳೆದಾಡೋದು ನಿಲ್ಲುತ್ತೆ. ಮೂರನೇದು ಆ ಯುವಿ ಗಾಜು. ನನ್ನ ಅನುಮಾನ ನೇರ ಅದರ ಮೇಲೇ, ಯಾಕಂದ್ರೆ 1/1600ದ್ದೂ ಮಂಜು ಅಂದ್ರಿ, ಅಲ್ಲಿ ಕೈ ನಡುಗಿದ್ದು ಕಾರಣ ಆಗಿರೋಕ್ಕೆ ಸಾಧ್ಯಾನೇ ಕಡಿಮೆ. 500 ಎಂಎಂ ಮುಂದೆ ಕಳಪೆ ಗಾಜಿಟ್ರೆ ಹೊಸ ಲೆನ್ಸೂ ಹಳೇ ಲೆನ್ಸಾಗುತ್ತೆ. ಬಿಚ್ಚಿ, ದೂರದ ಯಾವ್ದಾದ್ರೂ ಬಿಲ್ಡಿಂಗಿನ ಬೋರ್ಡ್ ಎರಡೂ ಥರ ತೆಗೆದು ನೋಡಿ.

ಬಿಸಿಲಲ್ಲಿ 1/60 ಬೇಕೇ ಬೇಕು ಅಂದ್ರೆ ಎರಡು ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ಇಳಿಸೋ ಕಪ್ಪು ಗಾಜು, ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ) ಹಾಕಿ, ಎಫ್ 20 ಇದ್ದದ್ದು ಎಫ್ 10ಕ್ಕೆ ಬರುತ್ತೆ. ನಿಮ್ಮ ಲೆನ್ಸಿಗೆ 95 ಎಂಎಂ ಬೇಕು, ಒಳ್ಳೇದು ತಗೊಳ್ಳೋದಾದ್ರೆ ದುಬಾರಿ. ನಾನಾದ್ರೆ ಪೋಲರೈಸರ್ ತಗೋತೀನಿ, ಒಂದೂವರೆ ಸ್ಟಾಪ್ ಬೆಳಕೂ ಇಳಿಯುತ್ತೆ, ಸಮುದ್ರದ ಮೇಲಿನ ಮಬ್ಬೂ ಸ್ವಲ್ಪ ಕಡಿಮೆ ಆಗುತ್ತೆ.

ಆಮೇಲೆ ಜಾಗ. ಜನವರೀಲಿ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ಇರ್ತಾನೆ, ಚೌಪಾಟೀಲಿ ಕೂತ್ರೆ ಕೊಲ್ಲಿ ಕಡೆ ನೋಡಿದಾಗೆಲ್ಲ ಅವನು ಎದುರಿಗೇ, ಹೆಲಿಕಾಪ್ಟರ್ ಬರೀ ಕಪ್ಪು ನೆರಳು. ನರಿಮನ್ ಪಾಯಿಂಟ್ ತುದಿಗೆ ಹೋಗಿದ್ರೆ ಸೂರ್ಯ ಬೆನ್ನಿಗಿರ್ತಿದ್ದ, ಸಾರಂಗ್‌ನ ಆ ನವಿಲು ಬಣ್ಣ ಹೊಳೀತಿತ್ತು. ಸಾರಂಗ್ ಅಂದ್ರೇನೇ ನವಿಲು, ಆ ಬಣ್ಣ ಬರದಿದ್ರೆ ಫೋಟೋದಲ್ಲಿ ಅರ್ಧ ಹೋಯ್ತು.

ವಾಸ್ಕೋ_ರೋಟರ್:
ತಡಾ ಆತು, ಈಗ ಓದಿದೆ. ಮಾವ ಹೇಳಿದ್ದೆಲ್ಲಾ ಖರೇನ, ಆದ್ರ ಎಲ್ಲಾರೂ ಒಂದ ಶಟರ್ ಹಿಡ್ಕೊಂಡು ಕುಂದರತೀರಲ್ಲ ಅದು ನನಗ ಒಪ್ಪಿಗಿಲ್ಲ. ಹೆಲಿಕಾಪ್ಟರ್ ಯಾವುದು ಅಂತ ಗೊತ್ತಾಗದ ಶಟರ್ ಎಷ್ಟು ಅಂತ ಹ್ಯಾಂಗ ಹೇಳೂದ್ರಿ? ನಾನು ನೇವಿಯೊಳಗ 15 ವರ್ಷ ಇದ್ದಂವ, ಅದರಾಗ ಬಾಳ ದಿವಸ ಸೀ ಕಿಂಗ್ ಹೆಲಿಕಾಪ್ಟರ್ ಮೇಂಟೆನೆನ್ಸ್, ಈಗ ವಾಸ್ಕೋದಾಗ ಇರ್ತೇನಿ.

ರೆಕ್ಕಿ ತುದಿ ವೇಗ ಎಲ್ಲಾ ಹೆಲಿಕಾಪ್ಟರಿಗೂ ಹೆಚ್ಚುಕಮ್ಮಿ ಒಂದ ಇರ್ತದ, ಸೆಕೆಂಡಿಗೆ 200 ಮೀಟರ್ ಆಸುಪಾಸು, ಅದಕ್ಕಿಂತ ಭಾಳ ಮ್ಯಾಲೆ ಹೋದ್ರ ಶಬ್ದದ ವೇಗದ ಕಾಟ ಚಾಲೂ ಆಗ್ತದ. ಅಂದಮ್ಯಾಲೆ ಸಣ್ಣ ರೋಟರ್ (ರೆಕ್ಕಿಗಳ ಚಕ್ರ) ಜೋರ ತಿರಗಬೇಕು, ದೊಡ್ಡದು ಸಾವಕಾಶ. ಧ್ರುವ್ ರೋಟರಿನ ಅಡ್ಡಳತಿ 13.2 ಮೀಟರ್, ನಾಲ್ಕು ರೆಕ್ಕಿ, ನಿಮಿಷಕ್ಕ ಸುಮಾರು 314 ಸುತ್ತು. ಚೇತಕ್ 11 ಮೀಟರ್, ಮೂರು ರೆಕ್ಕಿ, ಸುಮಾರು 350. ಸೀ ಕಿಂಗ್ 18.9 ಮೀಟರ್, ಐದು ರೆಕ್ಕಿ, 200ರ ಸುತ್ತಮುತ್ತ. ಈಗ ಲೆಕ್ಕ ಹಾಕ್ರಿ. 1/125ರಾಗ ಧ್ರುವ್ ರೆಕ್ಕಿ 15 ಡಿಗ್ರಿ ಸರೀತದ, ಸೀ ಕಿಂಗ್ 10 ಡಿಗ್ರಿ ಅಷ್ಟ. ನಿಮ್ಮ 1/1600ರಾಗ ಧ್ರುವ್ ಒಂದು ಡಿಗ್ರಿ ಚಿಲ್ರಿ, ಅದಕ್ಕ ನಿಂತಂಗ ಕಂಡದ. ಕಣ್ಣಿಗೆ ತಿರುಗೂದು ಅನಿಸಾಕ 15 ಡಿಗ್ರಿ ಸಾಕು ಅಂತ ನನ್ನ ಅನಿಸಿಕಿ, ಅಂದ್ರ ಧ್ರುವ್ ಮತ್ತ ಚೇತಕ್‌ಗೆ 1/125, ಸೀ ಕಿಂಗ್, ಎಂಐ-17ಗೆ 1/80. 1/60 ಹಠ ಬಿಡ್ರಿ, ಅದು ಹೆಲಿಕಾಪ್ಟರ್ ಗಾಳಿಯೊಳಗ ಒಂದ ಕಡೆ ನಿಂತಾಗ ಮಾತ್ರ. ಎರಡು ಧ್ರುವ್ ಎದರಾಬದರಾ ಕ್ರಾಸ್ ಆಗೂವಾಗ 1/320ಕ್ಕ ಏರಸ್ರಿ, ಪ್ಯಾನ್ ಒಂದರ ಹಿಂದ ಮಾತ್ರ ಹೋಗ್ತದ, ಎರಡೂ ಬೇಕಂದ್ರ ರೆಕ್ಕಿ ಸ್ವಲ್ಪ ಬಿಟ್ಟಕೊಡಬೇಕು.

ಇನ್ನೊಂದು, ಮುಂದಿನ ಕಾಕ್‌ಪಿಟ್ ಶಾರ್ಪ್ ಇದ್ದು ಬಾಲ ಅಷ್ಟ ನೀರೊಳಗ ಅಲುಗಾಡಿದಂಗ ಬಂದಿದ್ರ ಅದು ಲೆನ್ಸ್ ಅಲ್ಲ. ಎಂಜಿನ್ನಿನ ಬಿಸಿ ಹೊಗಿ ಅಲ್ಲೇ ಹಾಯ್ತದ. ಅದನ್ನ ಯಾವ ಕ್ಯಾಮೆರಾನೂ ಸರಿ ಮಾಡಂಗಿಲ್ಲ, ಮುಂದಿನ ಕೋನದಿಂದ ತಗೀರಿ.

ಈಗ ನಿಮ್ಮ ಗೋವಾ ಫೋಟೋ. ಅದು ಎಂಐ-17 ಅಲ್ಲ ತಮ್ಮಾ, ಸೀ ಕಿಂಗ್. ಐದು ರೆಕ್ಕಿ ಎರಡಕ್ಕೂ ಅದಾವ, ಆದ್ರ ಹೊಟ್ಟಿ ನೋಡ್ರಿ, ದೋಣಿಯಂಗ ಐತಿ, ಎರಡೂ ಬದಿ ಬುಗುಟು ಇದ್ದಂಗ ಇರೂ ಜಾಗಾದಾಗ ಗಾಲಿ ಒಳಗ ಹೋಗ್ತಾವ, ಸಣ್ಣ ಗಾಲಿ ಬಾಲದ ಕೆಳಗ. ಎಂಐ-17ಗೆ ಸಣ್ಣ ಗಾಲಿ ಮೂಗಿನ ಕೆಳಗ ಇರ್ತದ. ಮೂಲ ಡಿಸೈನ್ ಅಮೆರಿಕಾದ ಸಿಕೋರ್ಸ್ಕಿದು, ಕಟ್ಟಿದ್ದು ಇಂಗ್ಲೆಂಡಿನ ವೆಸ್ಟ್‌ಲ್ಯಾಂಡ್, ನಮ್ಮ ನೇವಿಗೆ ಬಂದದ್ದು 1971ರಾಗ, 330ನೇ ಸ್ಕ್ವಾಡ್ರನ್ನಿಗೆ. ಕೆಲಸ ಸಬ್‌ಮರೀನ್ ಹುಡುಕೂದು. ಕೇಬಲ್ಲಿಗೆ ಸೋನಾರ್ (ನೀರೊಳಗ ಶಬ್ದದಿಂದ ಹುಡುಕೂ ಯಂತ್ರ) ಕಟ್ಟಿ ಸಮುದ್ರಕ್ಕ ಇಳಿಬಿಟ್ಟು ಅಲ್ಲೇ ಗಾಳಿಯೊಳಗ ನಿಂತು ಕಿವಿಗೊಟ್ಟು ಕೇಳೂದು, ಆಮೇಲೆ ಎತ್ಕೊಂಡು ಮುಂದ ಇನ್ನೊಂದು ಜಾಗಾಕ್ಕ. ಮುಂದ 42ಬಿ ಅನ್ನೂ ಸೀ ಕಿಂಗ್ ಬಂತು, ಅದಕ್ಕ ಸೀ ಈಗಲ್ ಮಿಸೈಲ್, ಹಡಗು ಹೊಡಿಯೂ ತಾಕತ್ತು. 1998ರಾಗ ಪೋಖ್ರಾಣ್ ಆದಮ್ಯಾಲೆ ಅಮೆರಿಕಾ ನಿರ್ಬಂಧ ಹಾಕ್ತಲ್ಲ, ಅವಾಗ ಬಿಡಿಭಾಗ ಸಿಗದ ಎಷ್ಟೋ ಸೀ ಕಿಂಗ್ ನೆಲಾ ಹಿಡದ್ವು. ಹ್ಯಾಂಗರಿನ್ಯಾಗ ಅವು ನಿಂತದ್ದು ನೋಡಿದ್ರ ಮನ್ಯಾಗ ಯಾರೋ ಹಾಸಗಿ ಹಿಡದಂಗ ಅನಸ್ತಿತ್ತು. ಮತ್ತ ಎದ್ವು. 2021ರ ಮೇ ತಿಂಗಳಾಗ ತೌಕ್ತೇ ಚಂಡಮಾರುತ ಬಂದಾಗ ಮುಂಬೈ ಸಮುದ್ರದಾಗ ಪಿ-305 ಬಾರ್ಜ್ ಮುಳುಗ್ತು, ನೀರಿಗೆ ಬಿದ್ದವರನ್ನ ಹುಡುಕಾಕ ಹೋದವರಾಗ ಇದೂ ಇತ್ತು. ಹೆಸರು ತಪ್ಪಬಾರದು ಅಂತ ಇಷ್ಟು ಬರದೆ.

ಘಾಟ್ಕೋಪರ್_ಕ್ಲಿಕ್:
ಅಣ್ಣಾ, ಇದನ್ನೆಲ್ಲ ಓದಿ ಎರಡು ನಿಮಿಷ ಸುಮ್ನೆ ಕೂತೆ. ಕ್ಯಾಪ್ಷನ್ ಈಗಲೇ ಬದಲಿಸ್ತೇನೆ. ಎಂಐ-17 ಅಂತ ಬರೆದದ್ದಕ್ಕೆ ಒಂದು ಕಾರಣ ಇದೆ, 2008ರ ಮುಂಬೈ ದಾಳಿ ಹೊತ್ತಲ್ಲಿ, ನವೆಂಬರ್ 28ಕ್ಕೆ, ನರಿಮನ್ ಹೌಸ್ ಮೇಲೆ ಕಮಾಂಡೋಗಳು ಹಗ್ಗದಲ್ಲಿ ಇಳಿದದ್ದು ಎಂಐ-17ನಿಂದ, ಟಿವೀಲಿ ನೋಡ್ತಿದ್ದ ನಮ್ಮ ಮನೆಯವರಿಗೆಲ್ಲ ದೊಡ್ಡ ಹೆಲಿಕಾಪ್ಟರ್ ಅಂದ್ರೆ ಅದೇ ಹೆಸರು. ಪ್ಯಾನ್ ಪ್ರಾಕ್ಟೀಸ್ ಎಲ್ಲಿ ಮಾಡೋದು, ಏರ್ ಶೋ ದಿನಾ ಇರಲ್ವಲ್ಲ?

ಕೋಥ್ರೂಡ್_ಮಾವ:
ಜುಹೂ ಬೀಚಿಗೆ ಹೋಗಿ, ಸಮುದ್ರದ ತೈಲಬಾವಿಗಳಿಗೆ ಹೋಗೋ ಸಿವಿಲ್ ಹೆಲಿಕಾಪ್ಟರ್‌ಗಳು ಅಲ್ಲೇ ಹತ್ರದ ಏರೋಡ್ರೋಮಿಂದ ಏಳ್ತವೆ. ಮನೆ ಸೀಲಿಂಗ್ ಫ್ಯಾನೂ ಆಗುತ್ತೆ, ಮೂರು ರೆಕ್ಕೆ, ಪೂರ್ತಿ ಸ್ಪೀಡಲ್ಲಿ ಹೆಚ್ಚುಕಮ್ಮಿ ಚೇತಕ್ ಸುತ್ತೇ. 1/125, 1/60, 1/30 ಮೂರೂ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ಒಂದೇ ಒಂದು ಮಾತು, ಕೊಲಾಬಾದ ಐಎನ್ಎಸ್ ಶಿಕ್ರಾ ಕಡೆ, ಗೋವಾದ ದಾಬೋಲಿಂ ರನ್‌ವೇ ಕಡೆ, ನಮ್ಮ ಪುಣೆ ಲೋಹಗಾಂವ್ ಕಡೆ ಲೆನ್ಸ್ ತಿರುಗಿಸ್ಬೇಡಿ, ಮೂರೂ ಮಿಲಿಟರಿ ನೆಲೆಗಳು, ಅಲ್ಲಿ ಫೋಟೋ ನಿಷಿದ್ಧ. ಶೋ ದಿನ ಜನರಿಗೆ ಬಿಟ್ಟ ಜಾಗದಿಂದ ಎಷ್ಟು ಬೇಕಾದ್ರೂ ತೆಗೀರಿ.

ಘಾಟ್ಕೋಪರ್_ಕ್ಲಿಕ್:
ಭಾನುವಾರದ ಅಪ್‌ಡೇಟ್. ಯುವಿ ಬಿಚ್ಚಿ ಎದುರು ಬಿಲ್ಡಿಂಗಿನ ಬೋರ್ಡ್ ತೆಗೆದೆ, ವ್ಯತ್ಯಾಸ ನೋಡಿ ಕಣ್ಣಲ್ಲಿ ನೀರು ಬಂತು, ಲೆನ್ಸಿಗೆ ಏನೂ ಆಗಿಲ್ಲ. ಫ್ಯಾನಲ್ಲಿ ಮೂರೂ ಶಟರ್ ನೋಡಿದೆ, 1/125ರಲ್ಲಿ ತಿರುಗೋದು ಚೆನ್ನಾಗಿ ಗೊತ್ತಾಗ್ತದೆ. ಸಂಜೆ ಐದರ ಮೇಲೆ ಜುಹೂನಲ್ಲಿ 1/125, ಎಫ್ 8, ವಿಆರ್ ಸ್ಪೋರ್ಟ್, ಅರವತ್ತರಲ್ಲಿ ಏಳು ಶಾರ್ಪ್ ಬಂದಿವೆ, ರೆಕ್ಕೆ ಸುತ್ತು ಮೇಲೆ ಹೊಗೆಯ ತಟ್ಟೆ ಇಟ್ಟ ಹಾಗೆ ಕಾಣ್ತದೆ. ಒಂದು ಹಾಕಿದೀನಿ.

ವಾಸ್ಕೋ_ರೋಟರ್:
ಅರವತ್ತಕ್ಕ ಏಳು ಅಂದ್ರ ಶಾಣ್ಯಾ ಅದೀರಿ. ಡಿಸೆಂಬರ್ 4ಕ್ಕ ನೇವಿ ಡೇ ಇರ್ತದ, ಗೇಟ್‌ವೇ ಹತ್ರ ಕಾರ್ಯಕ್ರಮ ಇದ್ರ ಸಂಜಿ ಬೆಳಕಿನ್ಯಾಗ ಎನ್‌ಡಿ ಫಿಲ್ಟರ್ ಬೇಕಾಗೂದಿಲ್ಲ. ಚೇತಕ್ ಬಂದ್ರ ಬಿಡಬ್ಯಾಡ್ರಿ. ಹಳೇ ವಿಕ್ರಾಂತ ಹಡಗಿನ ಮ್ಯಾಲೆ ವಿಮಾನ ಹಾರೂ ಮೊದಲ ಮ್ಯಾಲೇರತಿದ್ದದ್ದು ಅದ, ಯಾರರ ನೀರಿಗೆ ಬಿದ್ರ ಎತ್ತಾಕ, ಎಲ್ಲಾರೂ ಇಳದಮ್ಯಾಲೆನ ಅದು ಇಳಿಯೂದು.

ಮತ್ತ ಆ ಬೋಗ್ಮಾಳೊ ಸೀ ಕಿಂಗ್ ಫೋಟೋದ ದೊಡ್ಡ ಸೈಜ್ ಇದ್ರ ಕಳಸ್ರಿ. ನಮ್ಮ ಮನಿಯಿಂದ ಮ್ಯೂಸಿಯಂ ಹತ್ರನ ಐತಿ, ಆದ್ರ ಬಾಲದ ಗಾಲಿ ಕಡಿಂದ ಅಷ್ಟು ಚಂದ ಯಾರೂ ತಗದಿದ್ದು ನಾ ನೋಡಿಲ್ಲ. ಆ ಗಾಲಿ ನಾ ಎಷ್ಟ ಸಲ ಬಿಚ್ಚಿ ಕೂಡಿಸೇನಿ. ಪ್ರಿಂಟ್ ಹಾಕಿಸಿ ಪಡಸಾಲಿಯೊಳಗ ಇಡ್ತೇನಿ.