30×40 ಹುಲ್ಲಿನ ಅಂಗಳಕ್ಕ ಸ್ಪ್ರಿಂಕ್ಲರ್: ಟಾಕಿ ನೀರಿನ ಒತ್ತಡ ಸಾಲತದೇನ್ರಿ?

ಎರಿಹೊಲ (ವಿಜಯಪುರ):
ಮನಿ ಮುಂದ 30×40 ಅಡಿ ಜಾಗಾ ಅದ. ಪೂರಾ ಎರಿ ಮಣ್ಣು, ಕರಿಕಿ ಹುಲ್ಲು ಹಚ್ಚೇವಿ. ಮಾಳಿಗಿ ಮ್ಯಾಲಿನ ಟಾಕಿ ನೆಲದಿಂದ 8 ಮೀಟರ್ ಎತ್ತರ. ಬೋರಿನ ನೀರು ಮೊದಲ ಸಂಪಿಗೆ ಬರ್ತದ, ಅಲ್ಲಿಂದ ಟಾಕಿಗೆ ಏರ್ತದ. ಪ್ಲಂಬರ್ 12 ಪಾಪ್‌ಅಪ್ ಸ್ಪ್ರೇ ಹೆಡ್ (ನೀರು ಬಂದಾಗ ನೆಲದಿಂದ ಮ್ಯಾಲೆ ಎದ್ದು ಸಿಂಪಡಸೂವು) ಹಾಕಿ ಟಾಕಿ ಲೈನಿಗೇ ಜೋಡಸೂಣು ಅಂತಾರ. ಒತ್ತಡ ಸಾಲತದೇನ್ರಿ? ಯಾವ ಪೈಪ್ ಹಾಕಬೇಕು, ಎಷ್ಟು ಹೊತ್ತು ನೀರು ಬಿಡಬೇಕು, ಬಲ್ಲವರು ಹೇಳ್ರಿ.

ನೀರ್ಗಂಟಿ (ಬಾಗಲಕೋಟೆ):
ಸಾಲೂದಿಲ್ರಿ. 10 ಮೀಟರ್ ಎತ್ತರದ ನೀರಿಗೆ ಸಿಗೂ ಒತ್ತಡ ಹತ್ತತ್ರ 1 ಬಾರ್ (ಒತ್ತಡದ ಅಳತಿ). ನಿಮ್ಮ 8 ಮೀಟರಿಗೆ 0.8, ಪೈಪು, ಎಲ್ಬೋ ದಾಟೂದ್ರಾಗ ಅದೂ ಇಳೀತೈತಿ. ಸ್ಪ್ರೇ ಹೆಡ್ಡಿಗೆ 2 ಬಾರ್ ಬೇಕು. ಒತ್ತಡ ಕಮ್ಮಿ ಇದ್ರ ಹೆಡ್ ಪೂರಾ ಮ್ಯಾಲೆ ಏಳೂದಿಲ್ಲ, ಕುತ್ತಿಗಿ ಸುತ್ತ ಸೋರಿ ಬುಡದಾಗ ರಾಡಿ ಆಗತೈತಿ, ನಡುವಿನ ಹುಲ್ಲು ಒಣಗತೈತಿ.

12 ಹೆಡ್ ಅನ್ನೂದು ಮಾತ್ರ ಸರಿ ಐತಿ. ಉದ್ದಕ್ಕ 4, ಅಗಲಕ್ಕ 3 ಸಾಲು. ಒಂದು ಹೆಡ್ಡಿನ ನೀರು ಪಕ್ಕದ ಹೆಡ್ಡಿನ ಬುಡ ಮುಟ್ಟಬೇಕು, ಅದಕ್ಕ 15 ಅಡಿ ಹಾರೂ ನಾಝಲ್ (ಹೆಡ್ಡಿನ ತುದಿಗೆ ತಿರುವೂ, ನೀರು ಚಿಮ್ಮೂ ಬಾಯಿ) ತಗೋರಿ. ನಾಕು ಮೂಲಿಗೆ ಕಾಲು ಸುತ್ತಿನವು, ಅಂಚಿನ ಆರಕ್ಕ ಅರ್ಧ ಸುತ್ತಿನವು, ನಡುವಿನ ಎರಡಕ್ಕ ಪೂರ್ತಿ ಸುತ್ತಿನವು.

ಈಗ ಮುಖ್ಯ ಮಾತು. ಮಾಮೂಲಿ ಸ್ಪ್ರೇ ನಾಝಲ್ ಕಾಲು ಸುತ್ತಿಗೆ ನಿಮಿಷಕ್ಕ 3.5 ಲೀಟರ್, ಅರ್ಧಕ್ಕ 7, ಪೂರ್ತಿಗೆ 14 ಲೀಟರ್ ಕುಡೀತೈತಿ. ಎಲ್ಲಾ ಕೂಡಿ 84 ಲೀಟರ್. ನಿಮ್ಮ ಜಾಗಾಕ್ಕ ಅದು ತಾಸಿಗೆ 45 ಮಿಲಿಮೀಟರ್ ಮಳಿ ಬಿದ್ದಂಗ. ಎರಿ ಮಣ್ಣು ಅಷ್ಟು ಜಲ್ದಿ ನೀರು ಹೀರೂದಿಲ್ಲ, ಐದು ನಿಮಿಷದಾಗ ರಸ್ತೆಕ್ಕ ಹರೀತೈತಿ. ಅದೇ ಹೆಡ್ಡಿನ ಬಾಡಿ ಮ್ಯಾಲೆ ರೋಟರಿ ನಾಝಲ್ (ತಿರುಗುತ್ತ ಸಣ್ಣ ಧಾರಿ ಬಿಡೂದು) ತಿರುವಿದ್ರ 12ಕ್ಕೂ ಸೇರಿ ನಿಮಿಷಕ್ಕ 17 ಲೀಟರ್ ಸಾಕು, ತಾಸಿಗೆ 9 ಮಿಲಿಮೀಟರ್ ಬೀಳತೈತಿ. ನಾಝಲ್ ತುಟ್ಟಿ ಖರೆ, ಆದ್ರ ಇಡೀ ಅಂಗಳ ಒಂದೇ ಲೈನಿನ್ಯಾಗ ಮುಗೀತೈತಿ. ಭಾಗ ಭಾಗಕ್ಕ ನೀರು ತಿರುವೂ ಸೊಲೆನಾಯ್ಡ್ (ಕರೆಂಟಿನ) ವಾಲ್ವು, ಕಂಟ್ರೋಲರ್ ಯಾವ್ದೂ ಬ್ಯಾಡ. ಒತ್ತಡ ಮಾತ್ರ 2.8ರಿಂದ 3 ಬಾರ್ ಬೇಕು. ಅಂದ್ರ ಟಾಕಿ ಬಿಡ್ರಿ, ಸಂಪಿನಿಂದ ನೇರ ಪಂಪ್ ಹಚ್ಚರಿ.

ಕೊಳವೆಕೆಲಸ (ಬೆಳಗಾವಿ):
ಮೇಲಿನ ಲೆಕ್ಕ ಸರಿಯಾಗಿದೆ. ಪಂಪ್ ಕೊಳ್ಳುವಾಗ ಎಚ್‌ಪಿ ಒಂದನ್ನೇ ನೋಡಬೇಡಿ. 35 ಮೀಟರ್ ಹೆಡ್‌ನಲ್ಲಿ (ಇಲ್ಲಿ ಹೆಡ್ ಅಂದರೆ ಪಂಪ್ ನೀರನ್ನು ಎತ್ತಬಲ್ಲ ಎತ್ತರ) ನಿಮಿಷಕ್ಕೆ 20 ಲೀಟರ್ ಕೊಡುತ್ತದೆಯೇ ಎಂದು ಅದರ ಪಟ್ಟಿಯಲ್ಲಿ ನೋಡಿ. ಸಾಮಾನ್ಯವಾಗಿ 1 ಎಚ್‌ಪಿ ಸೆಲ್ಫ್ ಪ್ರೈಮಿಂಗ್ (ತಾನೇ ನೀರು ಎಳೆದುಕೊಳ್ಳುವ) ಮಾನೋಬ್ಲಾಕ್ ಪಂಪ್ ಸಾಕು. ಪಂಪಿನ ಮುಂದೆ ಕ್ರಮವಾಗಿ ನಾನ್‌ರಿಟರ್ನ್ ವಾಲ್ವ್, 1 ಇಂಚಿನ 120 ಮೆಶ್ ಫಿಲ್ಟರ್, ಪ್ರೆಶರ್ ಗೇಜ್ ಬರಲಿ. ಫಿಲ್ಟರಿಗೆ ಮೊದಲು ಒಂದು ಟೀ ಹಾಕಿ, ಬಾಲ್ ವಾಲ್ವ್ ಇಟ್ಟು, ಹೆಚ್ಚಿನ ನೀರು ಸಂಪಿಗೇ ವಾಪಸ್ ಬೀಳುವಂತೆ ಮಾಡಿ. ಒತ್ತಡ ಅತಿಯಾದರೆ ನೀರು ಮಂಜಾಗಿ ಗಾಳಿಗೆ ಹೋಗುತ್ತದೆ, ನೆಲಕ್ಕೆ ಬೀಳುವುದಿಲ್ಲ. ಗೇಜ್ ನೋಡುತ್ತಾ ಆ ವಾಲ್ವ್ ತಿರುಗಿಸಿ 3 ಬಾರ್‌ಗೆ ನಿಲ್ಲಿಸಿ. ಸಂಪಿನಲ್ಲಿ ನೀರು ಇಳಿದಾಗ ಪಂಪ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಇರಲೇಬೇಕು. ನೀರಿಲ್ಲದೆ ಓಡಿದರೆ ಪಂಪಿನ ಸೀಲ್ ಸುಡುತ್ತದೆ.

ಎರೆ ಮಣ್ಣಿನಲ್ಲಿ ಪಿವಿಸಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಆ ಎಳೆದಾಟಕ್ಕೆ ಅಂಟಿಸಿದ ಜಾಯಿಂಟ್‌ಗಳು ಬಿಡುತ್ತವೆ. 32 ಮಿಮೀ ಎಚ್‌ಡಿಪಿಇ (ಬಾಗುವ ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿ: ಉದ್ದಕ್ಕೆ ಮೂರು ಸಾಲು, ಎರಡೂ ತುದಿ ಅಡ್ಡ ಪೈಪಿನಿಂದ ಕೂಡಿಸಿ. ಸುತ್ತು ಮುಚ್ಚಿದ್ದರಿಂದ ಎಲ್ಲ ಹೆಡ್ಡಿಗೂ ಒತ್ತಡ ಸಮನಾಗಿ ಸಿಗುತ್ತದೆ. ಒಟ್ಟು 55 ಮೀಟರ್ ಹಿಡಿಯುತ್ತದೆ, 60 ತನ್ನಿ. ಅರ್ಧ ಇಂಚಿನ ಸ್ಯಾಡಲ್ (ಪೈಪಿಗೆ ಬಿಗಿದು ಕವಲು ತೆಗೆಯುವ ಪಟ್ಟಿ) 12 ಬೇಕು. ಒಂದೂಕಾಲು ಅಡಿ ಆಳ ತೋಡಿ, ಪೈಪಿನ ಕೆಳಗೆ 2 ಇಂಚು, ಮೇಲೆ 4 ಇಂಚು ಉಸುಕು ಹಾಕಿ. ಸ್ಯಾಡಲ್‌ನಿಂದ ಹೆಡ್ಡಿಗೆ ನೇರ ನಿಪ್ಪಲ್ ಹಾಕಬೇಡಿ, ಒಂದೂವರೆ ಅಡಿ 16 ಮಿಮೀ ಮೆತ್ತನೆ ಪೈಪ್ ಕೊಡಿ. ಯಾರಾದರೂ ಹೆಡ್ ತುಳಿದರೆ ಪೈಪ್ ಬಾಗುತ್ತದೆ, ಮುರಿಯುವುದಿಲ್ಲ.

ನಾಝಲ್ ಕೂಡಿಸುವ ಮೊದಲು ಬರೀ ಬಾಡಿಗಳಿಂದ ನೀರು ಹರಿಸಿ ಲೈನ್ ತೊಳೆಯಿರಿ. ಇದನ್ನು ಬಿಟ್ಟರೆ ಪೈಪ್ ಕೊಯ್ದ ಚೂರು, ಉಸುಕು ಎಲ್ಲ ಮೊದಲ ದಿನವೇ ನಾಝಲ್‌ನಲ್ಲಿ ಸಿಕ್ಕಿಕೊಳ್ಳುತ್ತವೆ.

ಎರಿಹೊಲ (ವಿಜಯಪುರ):
ಭಾಳ ಉಪಕಾರ ಆತ್ರಿ. ಬ್ಯಾಸಿಗ್ಯಾಗ ಎಷ್ಟು ಹೊತ್ತು ಬಿಡಬೇಕು? ಬೋರಿನ ನೀರು ಸವಳು ಅದ, ಬಕೆಟ್ಟಿಗೆ ಬಿಳಿ ಕಲೆ ಕೂಡ್ತದ.

ನೀರ್ಗಂಟಿ (ಬಾಗಲಕೋಟೆ):
ಏಪ್ರಿಲ್-ಮೇ ಬಿಸಲಿಗೆ ಕರಿಕಿಗೆ ದಿನಕ್ಕ 5 ಮಿಲಿಮೀಟರ್ ಹಿಡೀರಿ. ದಿನಾ ಚೂರು ಚೂರು ಬಿಟ್ರ ಬೇರು ಮ್ಯಾಲೇ ಉಳೀತಾವು. ದಿನ ಬಿಟ್ಟು ದಿನ 10 ಮಿಲಿಮೀಟರ್ ಕೊಡ್ರಿ. ಅದು 1,100 ಲೀಟರ್, ಹತ್ತತ್ರ 65 ನಿಮಿಷ. ಒಂದೇ ಸಲ ಬ್ಯಾಡ, 22 ನಿಮಿಷದಂಗ ಮೂರು ಸಲ, ನಡುವ ಅರ್ಧ ತಾಸು ಬಿಡುವು. ಪಂಪಿಗೆ ಕಾಂಟ್ಯಾಕ್ಟರ್ (ಮೋಟರಿನ ಕರೆಂಟ್ ಹಚ್ಚಿ ಆರಿಸೂ ಸ್ವಿಚ್) ಕೂಡಿಸಿ ಬ್ಯಾಟರಿ ಇರೂ ಟೈಮರ್ ಹಚ್ಚರಿ, ಕರೆಂಟ್ ಹೋಗಿ ಬಂದ್ರೂ ವ್ಯಾಳ್ಯಾ ತಪ್ಪೂದಿಲ್ಲ. ಮುಂಜಾನೆ ನಾಕಕ್ಕ ಶುರು ಮಾಡ್ರಿ, ಗಾಳಿ ಕಮ್ಮಿ ಇರತೈತಿ. ಮಧ್ಯಾಹ್ನ ಹೊಡದ್ರ ಹನಿ ಎಲಿ ಮ್ಯಾಲೇ ಆರಿ ಉಪ್ಪು ಉಳೀತೈತಿ, ತುದಿ ಸುಡತೈತಿ.

ಆ ಬಿಳಿ ಕಲೆ ನಾಝಲ್ ತೂತಿನ್ಯಾಗೂ ಕೂಡತೈತಿ. ತಿಂಗಳಿಗೊಮ್ಮೆ ತಗದು ವಿನೆಗರಿನ್ಯಾಗ ನೆನಸರಿ, ತಂತಿ ಹಾಕಿ ಕೆದರಬ್ಯಾಡ್ರಿ. ಫಿಲ್ಟರ್ ವಾರಕ್ಕೊಮ್ಮೆ ತೊಳೀರಿ. ಮೊದಲ ನೀರಿನ ಇಸಿ (ಒಟ್ಟು ಉಪ್ಪು ಎಷ್ಟೈತಿ ಅಂತ ತೋರಸೂ ಅಳತಿ), ಸೋಡಿಯಂ ಪರೀಕ್ಷಾ ಮಾಡಸ್ರಿ, ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಾಗ ಕೇಳ್ರಿ. ಕರಿಕಿ ಉಪ್ಪು ತಾಳತೈತಿ. ಸೋಡಿಯಂ ಹೆಚ್ಚಿದ್ರ ಮಾತ್ರ ಎರಿ ಮಣ್ಣು ಬಿಗಿದು ನೀರು ಇಳಿಯೂದೇ ನಿಲ್ಲತೈತಿ, ಅದಕ್ಕ ಜಿಪ್ಸಂ ಬೇಕು.

ಎಲ್ಲಾ ಕೂಡಿಸಿದ ಮ್ಯಾಲೆ ಒಂದೇ ಅಳತಿ ಹತ್ತು ನೆಟ್ಟನ ಡಬ್ಬಿ ಅಲ್ಲಲ್ಲಿ ಇಟ್ಟು 20 ನಿಮಿಷ ಬಿಡ್ರಿ. ಪ್ರತಿ ಡಬ್ಬ್ಯಾಗ 3 ಮಿಲಿಮೀಟರ್ ಆಸುಪಾಸು ನಿಲ್ಲಬೇಕು. ಕಮ್ಮಿ ನಿಂತ ಕಡೆ ಹೆಡ್ ವಾರಿ ಕುಂತೈತೇನು, ನಾಝಲ್ ಕಟ್ಟೈತೇನು ಮೊದಲ ನೋಡ್ರಿ.